ಯುದ್ಧ ಉಕ್ರೇನ್‌ನಲ್ಲಿ, ಜಗಳ ಜರ್ಮನಿಯ ಬಾಯ್ಲರ್ ಬಗ್ಗೆ

ಪ್ರಶ್ನೆ: ನನ್ನ ಮಗಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ. 2022ರಲ್ಲಿ ಯುದ್ಧ ಶುರುವಾದಾಗ ಅವಳ ಬೀದಿಯ ಬಾಲ್ಕನಿಗಳಲ್ಲೆಲ್ಲ ಉಕ್ರೇನ್ ಬಾವುಟ ಇತ್ತಂತೆ. ಮೂರೇ ವರ್ಷಕ್ಕೆ, ಉಕ್ರೇನ್‌ಗೆ ಶಸ್ತ್ರ ಕೊಡಬೇಡಿ ಎನ್ನುವ, ವಲಸೆ ವಿರೋಧಿ ಬಲಪಂಥೀಯ ಎಎಫ್‌ಡಿ ಪಕ್ಷ ಎರಡನೇ ಸ್ಥಾನಕ್ಕೆ ಬಂತು. ಜನ ಇಷ್ಟು ಬೇಗ ಮನಸ್ಸು ಬದಲಿಸುತ್ತಾರಾ? ಇಲ್ಲಾ ಯಾರಾದರೂ ಬದಲಿಸಿದರಾ?
– ಧಾರವಾಡದ ಓದುಗರು

ಉತ್ತರ: ಮೊದಲು ಮತದ ಲೆಕ್ಕ ನೋಡಿಬಿಡೋಣ. 2025ರ ಫೆಬ್ರುವರಿ 23ರ ಸಂಸತ್ ಚುನಾವಣೆಯಲ್ಲಿ ಎಎಫ್‌ಡಿಗೆ ಶೇ 20.8 ಮತ ಬಂತು. 2021ರಲ್ಲಿ ಬಂದದ್ದು ಶೇ 10.4. ಅಂದರೆ ದುಪ್ಪಟ್ಟು. ಆದರೆ ಮೊದಲ ಸ್ಥಾನ ಯಾರದು? ಶೇ 28.5 ಪಡೆದ ಫ್ರೀಡ್ರಿಕ್ ಮೆರ್ಜ್ ಅವರ ಸಿಡಿಯು-ಸಿಎಸ್‌ಯು ಕೂಟದ್ದು. ಉಕ್ರೇನ್‌ಗೆ ದೂರಗಾಮಿ ಟೌರಸ್ ಕ್ಷಿಪಣಿ ಕೊಡದ ಆಗಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಓಲಾಫ್ ಶೋಲ್ಜ್ ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದವರು ಇದೇ ಮೆರ್ಜ್. ಇನ್ನು ಶೋಲ್ಜ್ ಅವರ ಎಸ್‌ಪಿಡಿ 2024ರ ಯುರೋಪಿಯನ್ ಚುನಾವಣೆಯಲ್ಲಿ ಶಾಂತಿ ಕಾಪಾಡುತ್ತೇವೆ ಎಂದು ಪೋಸ್ಟರ್ ಹಚ್ಚಿತ್ತು. ಸಿಕ್ಕಿದ್ದು ಶೇ 13.9. ಜನ ಉಕ್ರೇನ್ ಒಂದನ್ನೇ ನೋಡಿ ಮತ ಹಾಕಿದರು ಅಂದುಕೊಂಡರೆ ಈ ಅಂಕಿಗಳು ತಾಳೆಯಾಗುವುದಿಲ್ಲ.

ಹಾಗಂತ ಯುದ್ಧಕ್ಕೂ ಈ ಫಲಿತಾಂಶಕ್ಕೂ ಸಂಬಂಧವೇ ಇಲ್ಲ ಎಂದಲ್ಲ. ಸಂಬಂಧ ಇದೆ, ಆದರೆ ನೇರವಾಗಿಲ್ಲ. ದೂರದ ಯುದ್ಧ ಒಂದು ದೇಶದೊಳಗೆ ಬರುವುದು ಅಲ್ಲಿ ಮೊದಲೇ ಇದ್ದ ಜಗಳಗಳ ಮೂಲಕ. ಜರ್ಮನಿಯಲ್ಲಿ ಅದು ಬಂದದ್ದು ಗ್ಯಾಸ್ ಪೈಪಿನಲ್ಲಿ.

2021ರಲ್ಲಿ ಜರ್ಮನಿ ತರಿಸಿಕೊಳ್ಳುತ್ತಿದ್ದ ಗ್ಯಾಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. ಮನೆ ಬಿಸಿ ಮಾಡುವುದಕ್ಕೂ ಅದೇ, ಕಾರ್ಖಾನೆಗೂ ಅದೇ. ಯುದ್ಧ ಶುರುವಾಗಿ ಕೆಲವೇ ತಿಂಗಳಲ್ಲಿ ಅದು ನಿಂತಿತು. ಹಡಗಿನಲ್ಲಿ ಗ್ಯಾಸ್ ಇಳಿಸಲು ವಿಲ್‌ಹೆಲ್ಮ್ಸ್‌ಹಾಫೆನ್‌ನಲ್ಲಿ ವರ್ಷದೊಳಗೇ ಹೊಸ ಟರ್ಮಿನಲ್ ಎದ್ದು ನಿಂತಿತು. ಅನುಮತಿ ಪತ್ರಗಳ ಆ ದೇಶದಲ್ಲಿ ಅದೊಂದು ಪವಾಡವೇ ಸರಿ. ಅಷ್ಟಾದರೂ ಬೆಲೆ ಏರಿತು. 2022ರ ಅಕ್ಟೋಬರ್‌ನಲ್ಲಿ ಯೂರೋ ದೇಶಗಳ ಹಣದುಬ್ಬರ ಶೇ 10.6 ಮುಟ್ಟಿತ್ತು.

ಆಮೇಲೆ ಬಂದದ್ದು ಮನೆ ಬಿಸಿ ಮಾಡುವ ಬಾಯ್ಲರ್‌ನ ಗಲಾಟೆ. ಹೊಸದಾಗಿ ಹಾಕಿಸುವ ಹೀಟಿಂಗ್ ವ್ಯವಸ್ಥೆ ಶೇ 65ರಷ್ಟಾದರೂ ನವೀಕರಿಸಬಹುದಾದ ಇಂಧನದಲ್ಲಿ ನಡೆಯಬೇಕು ಎಂಬ ಕಾನೂನನ್ನು ಸರ್ಕಾರ ಮೊದಲೇ ಯೋಚಿಸಿಟ್ಟಿತ್ತು. ರಷ್ಯಾದ ಗ್ಯಾಸ್ ಬಿಡಬೇಕಾದ್ದರಿಂದ ಅದನ್ನು ಒಂದು ವರ್ಷ ಮುಂಚೆಯೇ, 2024ಕ್ಕೇ ತರಲು ಹೊರಟಿತು. ಗ್ರೀನ್ ಪಕ್ಷದ ಸಚಿವ ರಾಬರ್ಟ್ ಹಾಬೆಕ್ ಇದರ ಮುಖವಾದರು. ಹಳ್ಳಿಯ ಹಳೇ ಮನೆಯಲ್ಲಿರುವ ನಿವೃತ್ತರು ಗ್ಯಾಸ್ ಬಾಯ್ಲರ್ ಬದಲು ವಿದ್ಯುತ್ತಿನ ಹೀಟ್ ಪಂಪ್‌ಗೆ ದುಡ್ಡು ಎಲ್ಲಿಂದ ತರಬೇಕು? ಸಿಟ್ಟು ಭುಗಿಲೆದ್ದಿತು. ಮಸೂದೆ ಸಾಕಷ್ಟು ಸಡಿಲವಾಗಿ 2023ರ ಸೆಪ್ಟೆಂಬರ್‌ನಲ್ಲಿ ಪಾಸಾಯಿತು. ಅಷ್ಟರಲ್ಲಿ ಸಮೀಕ್ಷೆಗಳಲ್ಲಿ ಎಎಫ್‌ಡಿ ಶೇ 20ರ ಹತ್ತಿರ ಬಂದಾಗಿತ್ತು. ಆ ಸಿಟ್ಟಿನಲ್ಲಿ ಪುಟಿನ್ ಹೆಸರೂ ಇರಲಿಲ್ಲ, ಉಕ್ರೇನ್ ಹೆಸರೂ ಇರಲಿಲ್ಲ.

ಇನ್ನೊಂದು ಹಳೇ ಜಗಳ ಸಾಲದ್ದು. ಸರ್ಕಾರ ಹೆಚ್ಚು ಸಾಲ ಮಾಡದಂತೆ ಜರ್ಮನಿಯ ಸಂವಿಧಾನದಲ್ಲೇ ಮಿತಿ ಇದೆ. ಕೋವಿಡ್‌ಗೆಂದು ಇಟ್ಟಿದ್ದ ಸಾಲದ ಅನುಮತಿಯಲ್ಲಿ 6,000 ಕೋಟಿ ಯೂರೋವನ್ನು ಬೇರೆ ಕೆಲಸಕ್ಕೆ ತಿರುಗಿಸಿದ್ದನ್ನು 2023ರ ನವೆಂಬರ್‌ನಲ್ಲಿ ಸಂವಿಧಾನ ಕೋರ್ಟ್ ರದ್ದು ಮಾಡಿತು. ಬಜೆಟ್‌ನಲ್ಲಿ ತೂತು ಬಿತ್ತು. ಉಕ್ರೇನ್ ನೆರವಿನ ಕಾರಣ ಕೊಟ್ಟು ಮಿತಿ ಸಡಿಲಿಸೋಣ ಎಂದರು ಶೋಲ್ಜ್. ಮಿತ್ರಪಕ್ಷ ಎಫ್‌ಡಿಪಿಯ ಹಣಕಾಸು ಸಚಿವ ಕ್ರಿಸ್ಟಿಯನ್ ಲಿಂಡ್ನರ್ ಒಪ್ಪಲಿಲ್ಲ. 2024ರ ನವೆಂಬರ್ 6ರಂದು ಲಿಂಡ್ನರ್ ಅವರನ್ನು ಶೋಲ್ಜ್ ಸಂಪುಟದಿಂದ ತೆಗೆದುಹಾಕಿದರು. ಸಮ್ಮಿಶ್ರ ಸರ್ಕಾರವೂ ಬಿತ್ತು. ತಮಾಷೆ ನೋಡಿ, ಸಾಲದ ಮಿತಿ ಮುಟ್ಟಬಾರದು ಎಂದು ಪ್ರಚಾರ ಮಾಡಿ ಗೆದ್ದ ಮೆರ್ಜ್, ಹೊಸ ಸಂಸತ್ತು ಸೇರುವ ಮೊದಲೇ ಹಳೇ ಸಂಸತ್ತಿನಲ್ಲಿ ರಕ್ಷಣಾ ಖರ್ಚಿಗೆ ಆ ಮಿತಿ ಸಡಿಲಿಸಿಕೊಂಡರು. ಯಾವ ವಿಷಯಕ್ಕೆ ಸರ್ಕಾರ ಬಿತ್ತೋ ಹೆಚ್ಚುಕಡಿಮೆ ಅದೇ ಆಯಿತು, ಅಲ್ವಾ?

ಎಎಫ್‌ಡಿ ಬೆಳೆಯಲು ವಲಸೆಯ ವಿಷಯವೇ ದೊಡ್ಡ ಕಾರಣ. ಯುದ್ಧ ಅಲ್ಲಿಯೂ ತುಪ್ಪ ಸುರಿಯಿತು. ಹತ್ತು ಲಕ್ಷಕ್ಕೂ ಹೆಚ್ಚು ಉಕ್ರೇನಿಯನ್ನರು ಜರ್ಮನಿಗೆ ಬಂದರು. ಅವರಿಗೆ ಆಶ್ರಯ ಕೋರುವವರ ಸಣ್ಣ ಭತ್ಯೆಯ ಬದಲು, ನಿರುದ್ಯೋಗಿ ಜರ್ಮನರಿಗೆ ಸಿಗುವ ಭತ್ಯೆಯೇ ಸಿಕ್ಕಿತು. ಸರ್ಕಾರದ ಲೆಕ್ಕದಲ್ಲಿ ಅದು ಸರಿ. ಆದರೆ ಕಡಿಮೆ ಸಂಬಳದಲ್ಲಿ ದುಡಿಯುವವರ ಕಣ್ಣಿಗೆ ಬಿತ್ತು. ಪೂರ್ವ ಜರ್ಮನಿಯಲ್ಲಿ ಇದು ಜಾಸ್ತಿ. ಬರ್ಲಿನ್ ಬಿಟ್ಟು ಅಲ್ಲಿನ ಐದೂ ರಾಜ್ಯಗಳಲ್ಲಿ ಎಎಫ್‌ಡಿಯೇ ಮೊದಲು. ಪಶ್ಚಿಮದವರು ತಮ್ಮನ್ನು ಎರಡನೇ ದರ್ಜೆಯವರಂತೆ ನೋಡುತ್ತಾರೆ ಎಂಬ ಬೇಸರ ಅಲ್ಲಿ ಎರಡೂ ಜರ್ಮನಿ ಒಂದಾದ 1990ರಿಂದಲೂ ಇದೆ. ನಿಜಕ್ಕೂ ಯುದ್ಧವನ್ನೇ ಮುಂದಿಟ್ಟು ಮತ ಕೇಳಿದ್ದು ಸಾರಾ ವಾಗನ್‌ಕ್ನೆಖ್ಟ್ ಅವರ ಹೊಸ ಪಕ್ಷ. ಶಸ್ತ್ರ ಬೇಡ, ಮಾತುಕತೆ ಬೇಕು ಎಂಬುದು ಅದರ ಘೋಷಣೆ. ಸಂಸತ್ತಿಗೆ ಬರಲು ಬೇಕಾದ ಶೇ 5ರ ಗಡಿ ದಾಟದೆ ಶೇ 4.98ಕ್ಕೆ ನಿಂತುಬಿಟ್ಟಿತು.

ಯಾರಾದರೂ ಬದಲಿಸಿದರಾ ಎಂದು ಕೇಳಿದ್ದೀರಿ. ಜರ್ಮನ್ ಪತ್ರಿಕೆಗಳ ತದ್ರೂಪಿ ನಕಲಿ ವೆಬ್‌ಸೈಟ್ ಮಾಡಿ ಸುಳ್ಳು ಹರಡಿದ ರಷ್ಯಾ ಪರ ಜಾಲ ಪತ್ತೆಯಾಗಿದೆ. ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಆದರೆ ಬಾಯ್ಲರ್ ಸಿಟ್ಟನ್ನು ಹುಟ್ಟಿಸಲು ಮಾಸ್ಕೋ ಬೇಕಿರಲಿಲ್ಲ. ನನ್ನ ಪ್ರಕಾರ ಜನರ ಅಭಿಪ್ರಾಯವನ್ನು ಹೆಚ್ಚು ತಿರುಗಿಸುವುದು ಅವರವರ ಪಕ್ಷದ ನಾಯಕರೇ. ಅಮೆರಿಕವನ್ನೇ ನೋಡಿ. ಉಕ್ರೇನ್‌ಗೆ ವಿಪರೀತ ನೆರವು ಕೊಡುತ್ತಿದ್ದೇವೆ ಎಂದ ರಿಪಬ್ಲಿಕನ್ನರು ಅಲ್ಲಿನ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆ ಪ್ರಕಾರ 2022ರ ಮಾರ್ಚ್‌ನಲ್ಲಿ ಶೇ 9. 2023ರ ಡಿಸೆಂಬರ್‌ಗೆ ಶೇ 48. ನಡುವೆ ಬದಲಾದದ್ದು ರಣರಂಗಕ್ಕಿಂತ ಹೆಚ್ಚಾಗಿ ಟ್ರಂಪ್ ಮತ್ತು ಅವರ ಬೆಂಬಲಿಗರ ಮಾತು. ಫಿನ್ಲೆಂಡ್ ಕಥೆ ಬೇರೆ. ರಷ್ಯಾದ ಜೊತೆ 1,300 ಕಿ.ಮೀ. ಗಡಿ ಇರುವ ಅಲ್ಲಿ ಜನರೇ ಮೊದಲು ನ್ಯಾಟೋ ಮಿಲಿಟರಿ ಕೂಟದ ಕಡೆ ತಿರುಗಿದರು, ನಾಯಕರು ಹಿಂದೆ ಬಂದರು. 2023ರ ಏಪ್ರಿಲ್‌ನಲ್ಲಿ ದೇಶ ನ್ಯಾಟೋ ಸೇರಿತು.

ಪ್ರಶ್ನೆ: ನಮ್ಮಲ್ಲೂ ಹೀಗಾಗುತ್ತದೆಯೇ? ನಮಗೂ ಆ ಯುದ್ಧಕ್ಕೂ ಏನು ಸಂಬಂಧ?
– ದಾವಣಗೆರೆಯ ಓದುಗರು

ಉತ್ತರ: 2022ರ ಮಾರ್ಚ್ 1 ನೆನಪಿರಬೇಕು. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದರು. ಮರುದಿನದಿಂದಲೇ ಇಲ್ಲಿ ಚರ್ಚೆ ಶುರುವಾಯಿತು. ಯುದ್ಧದ ಬಗ್ಗೆ ಅಲ್ಲ. ನೀಟ್ ಬಗ್ಗೆ, ಖಾಸಗಿ ಕಾಲೇಜಿನ ಫೀಸಿನ ಬಗ್ಗೆ, ನಮ್ಮ ಮಕ್ಕಳು ಅಷ್ಟು ದೂರ ಯಾಕೆ ಹೋಗಬೇಕು ಎಂಬುದರ ಬಗ್ಗೆ. ಅದೇ ವಾರ ಉತ್ತರ ಪ್ರದೇಶದ ಚುನಾವಣಾ ಭಾಷಣಗಳಲ್ಲಿ ಉಕ್ರೇನ್‌ನಿಂದ ಭಾರತೀಯರನ್ನು ಕರೆತಂದ ಆಪರೇಷನ್ ಗಂಗಾ ಸರ್ಕಾರದ ಸಾಧನೆಯಾಯಿತು. 2024ರ ಲೋಕಸಭೆ ಚುನಾವಣೆಯ ಹೊತ್ತಿಗೆ ಬಿಜೆಪಿ ಜಾಹೀರಾತಿನ ಹುಡುಗಿ, ಮೋದಿ ಯುದ್ಧ ನಿಲ್ಲಿಸಿದರು ಎಂದು ಅಪ್ಪನಿಗೆ ಹೇಳುತ್ತಿದ್ದಳು. ವಿರೋಧಿಗಳು ಅದನ್ನೇ ಮೀಮ್ ಮಾಡಿ ನಕ್ಕರು. ಇನ್ನು ನಾವು ತರಿಸುವ ಸೂರ್ಯಕಾಂತಿ ಎಣ್ಣೆಯಲ್ಲಿ ಯುದ್ಧಕ್ಕೆ ಮೊದಲು ದೊಡ್ಡ ಪಾಲು ಉಕ್ರೇನ್‌ನದೇ. ಆಗ ಎಣ್ಣೆ ಬೆಲೆ ಏರಿದ್ದಕ್ಕೆ ಅಂಗಡಿ ಮುಂದೆ ಜನ ಬೈದದ್ದು ಮಾತ್ರ ಇಲ್ಲಿನ ಸರ್ಕಾರವನ್ನೇ.