ಮೊದಲು ಕುದುರೆ ನಿಲ್ಲುವ ಜಾಗ, ಕೊಳಾಯಿ ಆಮೇಲೆ

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಅಮೆರಿಕದ ಕೆಂಟಕಿಗೆ ಬಂದು ಇನ್ನೂ ಒಂದು ವರ್ಷ ಆಗಿಲ್ಲ, ಆಗಲೇ ಲೆಕ್ಸಿಂಗ್ಟನ್ ಆಚೆ ಐದು ಎಕರೆ ಜಾಗ, ಹಳೆಯ ಮನೆ, ಹಿಂದೆ ಮೂರು ಸ್ಟಾಲಿನ ಸಣ್ಣ ಬಾರ್ನ್, ಅಂದರೆ ಕುದುರೆಗೊಂದು ಕೋಣೆಯಂತೆ ಮೂರು ಕೋಣೆಯ ಲಾಯ. ಮಗಳು ಸವಾರಿ ಕಲಿಯುತ್ತಿದ್ದಾಳೆ. ಅಕ್ಟೋಬರಿನಲ್ಲಿ ಎರಡು ಕುದುರೆ ಬರುತ್ತವೆ. ನೀವು ಕೇಳಿದ್ದು ಇಷ್ಟು: "ಕುದುರೆಯ ಮೈ ಉಜ್ಜಿ ತೊಳೆಯುವ ಜಾಗ ಹೇಗೆ ಮಾಡೋದು ಅಕ್ಕ? ದೊಡ್ಡ ಫಾರಂ ಒಂದರಲ್ಲಿ ಬಿಸಿನೀರು, ಟೈಲ್ಸ್ ಗೋಡೆ ಎಲ್ಲಾ ನೋಡಿದೆವು. ಅಷ್ಟೆಲ್ಲಾ ಬೇಕಾ? ಊರಲ್ಲಿ ದನ ಕಟ್ಟಿ ಗೊತ್ತು, ಕುದುರೆ ಗೊತ್ತಿಲ್ಲ."

ಅಷ್ಟೆಲ್ಲಾ ಬೇಡ. ಆ ಫಾರಂಗಳಲ್ಲಿ ಒಂದೊಂದು ಕುದುರೆಗೆ ಕೋಟಿಗಟ್ಟಲೆ ಬೆಲೆ, ಕೆಲಸಕ್ಕೆ ಇಪ್ಪತ್ತು ಮೂವತ್ತು ಜನ. ನಿಮ್ಮ ಬಾರ್ನಿಗೆ ಬೇಕಾದದ್ದು ಜಾರದ ನೆಲ, ಸರಿಯಾಗಿ ಕಟ್ಟುವ ವ್ಯವಸ್ಥೆ, ಒಳ್ಳೆಯ ಬೆಳಕು. ಈ ಮೂರಕ್ಕೆ ಮೊದಲು ದುಡ್ಡು ಹಾಕಿ. ಮೈ ತೊಳೆಯುವ ನೀರಿನ ಕೆಲಸ ಒಂದು ವರ್ಷ ತಡವಾದರೂ ಕುದುರೆಗೆ ಏನೂ ಆಗುವುದಿಲ್ಲ. ನಾನಿಲ್ಲಿಗೆ ಬಂದು ಇಪ್ಪತ್ತೆರಡು ವರ್ಷ, ಕುದುರೆ ಸಾಕಲು ಶುರುಮಾಡಿ ಹದಿನಾರು ವರ್ಷ. ಬಾರ್ನಿನಲ್ಲಿ ಬಿಸಿನೀರು ಇವತ್ತಿಗೂ ಇಲ್ಲ.

ನಮ್ಮೂರು ಕುಣಿಗಲ್ ಹತ್ತಿರ. ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಅಲ್ಲಿನ ಸ್ಟಡ್ ಫಾರಂ ಬೇಲಿ ಪಕ್ಕದಲ್ಲೇ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ದೂರದಿಂದ ಕುದುರೆ ನೋಡಿದ್ದೇ ಹೊರತು ಮುಟ್ಟಿದ್ದು ಇಲ್ಲಿಗೆ ಬಂದ ಮೇಲೆ. ನಿಮ್ಮ ಹಾಗೆ ನನಗೂ ಗೊತ್ತಿದ್ದದ್ದು ದನದ ಕೊಟ್ಟಿಗೆ. ಅದಕ್ಕೇ ಅಲ್ಲಿಂದಲೇ ಹೇಳುತ್ತೇನೆ.

ಹಸುವನ್ನು ಗೂಟಕ್ಕೆ ಕಟ್ಟಿದರೆ ಅದು ಸುಮ್ನೆ ಮೆಲುಕು ಹಾಕುತ್ತಾ ಮಲಗುತ್ತದೆ. ಕುದುರೆ ಹಾಗಲ್ಲ. ಹೆದರಿದ ಕುದುರೆಗೆ ಗೊತ್ತಿರುವುದು ಒಂದೇ, ಓಡುವುದು. ತಲೆ ಕಟ್ಟಿದೆ, ಓಡಲಾಗುವುದಿಲ್ಲ ಅಂತ ಗೊತ್ತಾದ ಕೂಡಲೇ ಇಡೀ ಮೈಭಾರ ಹಾಕಿ ಹಿಂದಕ್ಕೆ ಎಳೆಯುತ್ತದೆ. ಆ ಭಾರ ಸುಮಾರು 450 ಕಿಲೋ. ನೆಲ ಜಾರಿತೋ, ಬಿದ್ದಿತೋ, ಹಗ್ಗ ಹರಿಯಲಿಲ್ಲವೋ, ಕುತ್ತಿಗೆಗೆ ಪೆಟ್ಟು. ಪಕ್ಕದಲ್ಲಿ ನಿಂತ ಮಗುವಿಗೂ ಪೆಟ್ಟು. ಜಾಗ ಮಾಡುವಾಗ ಪ್ರತಿಯೊಂದಕ್ಕೂ ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ಕುದುರೆ ಹೆದರಿದರೆ ಇಲ್ಲಿ ಏನಾಗುತ್ತದೆ?

ನನಗೆ ಇದು ಗೊತ್ತಾದದ್ದು ತಪ್ಪು ಮಾಡಿ. ಮೊದಲ ವರ್ಷ ನಮ್ಮ ಕಂದು ಹೆಣ್ಣುಕುದುರೆಯನ್ನು ಕಟ್ಟಲು ಗೋಡೆಯ ಹಲಗೆಯೊಂದಕ್ಕೆ ಕಬ್ಬಿಣದ ಬಳೆ ಹಾಕಿದ್ದೆ. ಹಲಗೆ ಗಟ್ಟಿಯಾಗೇ ಕಾಣುತ್ತಿತ್ತು. ಒಂದು ದಿನ ಗಾಳಿಗೆ ತಗಡು ಬಡಿದು ಸದ್ದಾಯಿತು. ಅವಳು ಎಳೆದಳು. ಹಲಗೆ ಮೊಳೆ ಸಮೇತ ಕಿತ್ತು ಬಂತು, ಹಗ್ಗದ ತುದಿಯಲ್ಲಿ ನೇತಾಡುತ್ತಾ ಅವಳ ಮುಂಗಾಲಿಗೆ ಬಡಿಯಿತು. ಎಷ್ಟು ಬಡಿಯಿತೋ ಅಷ್ಟು ಓಡಿದಳು. ಕಾಲಿಗೆ ಹನ್ನೊಂದು ಹೊಲಿಗೆ ಬಿತ್ತು. ಆಮೇಲೆ ಆರು ತಿಂಗಳು ಬಾರ್ನಿನೊಳಗೆ ಕಾಲಿಡಲು ನಡುಗುತ್ತಿದ್ದಳು. ನೆನೆದರೆ ಈಗಲೂ ಸಂಕಟವಾಗುತ್ತದೆ. ಕಟ್ಟುವ ಬಳೆ ಯಾವತ್ತೂ ಕಂಬಕ್ಕೇ ಇರಬೇಕು. ನೆಲದೊಳಗೆ ಹೂತ ಕಂಬ, ಆಚೆಯಿಂದ ಈಚೆಗೆ ತೂರಿಸಿದ ಬೋಲ್ಟ್. ಹಲಗೆಗೆ ಬೇಡ, ಸ್ಟಾಲಿನ ಬಾಗಿಲಿಗೆ ಬೇಡವೇ ಬೇಡ.

ಜಾಗ ಎಲ್ಲಿ ಅಂತ ಕೇಳಿದ್ದಿರಿ. ಕುದುರೆ ಎರಡು, ಸ್ಟಾಲ್ ಮೂರು. ಮೂರನೆಯದನ್ನೇ ಇದಕ್ಕೆ ಬಿಡಿ. ಸ್ಟಾಲ್ ಸಾಮಾನ್ಯವಾಗಿ 12 ಅಡಿಗೆ 12 ಅಡಿ ಇರುತ್ತದೆ, ಅಷ್ಟು ಬೇಕಾದಷ್ಟಾಯಿತು. ಮುಂದಿನ ಗೋಡೆ, ಬಾಗಿಲು ತೆಗೆದುಹಾಕಿ ಪೂರ್ತಿ ತೆರೆದಿಡಿ. ನಡುವಿನ ಓಣಿಯಲ್ಲೇ ಕಟ್ಟುವವರು ತುಂಬಾ ಜನ. ಓಣಿ 12 ಅಡಿ ಅಗಲ ಇದ್ದರೆ ಅದೂ ನಡೆಯುತ್ತದೆ. ಆದರೆ ಸಣ್ಣ ಬಾರ್ನಿನಲ್ಲಿ ಅದೇ ಓಣಿಯಲ್ಲಿ ತಳ್ಳುಗಾಡಿ, ಹುಲ್ಲಿನ ಪೆಂಡಿ, ನಾಯಿ, ಮಕ್ಕಳು ಎಲ್ಲಾ ಓಡಾಡಬೇಕಲ್ವಾ? ಕುದುರೆಯನ್ನು ಹೊರಗಿನ ಬೆಳಕು ಕಾಣುವ ಹಾಗೆ ನಿಲ್ಲಿಸಿ. ಇನ್ನೊಂದು ಕುದುರೆ ಕಣ್ಣಿಗೆ ಬೀಳುವಂತಿರಲಿ. ಜೊತೆ ಕಾಣದಿದ್ದರೆ ಕೆನೆಯುತ್ತಾ ಕಾಲು ಕೆರೆಯುತ್ತಾ ನಿಲ್ಲುತ್ತವೆ, ಮಗಳಿಗೆ ಉಜ್ಜುವುದೇ ಕಷ್ಟ.

ಇನ್ನು ನೆಲ. ಇಲ್ಲಿ ಎಲ್ಲರೂ ಕಾಂಕ್ರೀಟ್ ಅಂತಾರೆ. ನೀರು ಬಳಸುವುದಾದರೆ ಸರಿ, ಅದೂ ಪೊರಕೆ ಎಳೆದು ಒರಟು ಮಾಡಿದ ಕಾಂಕ್ರೀಟ್. ನಯವಾದದ್ದು ಒದ್ದೆಯಾದರೆ ಲಾಳದ ಕಾಲಿಗೆ ಮಂಜುಗಡ್ಡೆ ಇದ್ದ ಹಾಗೆ. ನೀರು ಆಮೇಲೆ ನೋಡೋಣ ಅಂದರೆ ಖರ್ಚು ಕಡಿಮೆಯ ದಾರಿ ಇದೆ. ಮೇಲಿನ ಮಣ್ಣು ತೆಗೆದು, ಇಲ್ಲಿನವರು 'ಡೆನ್ಸ್ ಗ್ರೇಡ್' ಅನ್ನುವ ಸುಣ್ಣಕಲ್ಲಿನ ಜಲ್ಲಿಪುಡಿ ಹಾಕಿ ಚೆನ್ನಾಗಿ ದಮ್ಮಸ್ ಮಾಡಿಸಿ. ಕೆಂಟಕಿಯ ಈ ಭಾಗದ ನೆಲವೇ ಸುಣ್ಣಕಲ್ಲು, ಹಾಗಾಗಿ ಎಲ್ಲಾ ಕ್ವಾರಿಯಲ್ಲೂ ಸಿಗುತ್ತದೆ. ಅದರ ಮೇಲೆ ಮುಕ್ಕಾಲು ಇಂಚು ದಪ್ಪದ ರಬ್ಬರ್ ಮ್ಯಾಟ್. 4 ಅಡಿಗೆ 6 ಅಡಿಯದು ಬರುತ್ತದೆ. 12 ಅಡಿ ಚೌಕಕ್ಕೆ ಸರಿಯಾಗಿ ಆರು ಸಾಕು. ಒಂದೊಂದು 40 ಕಿಲೋಗಿಂತ ಜಾಸ್ತಿ ತೂಗುತ್ತದೆ, ಒಬ್ಬರೇ ಎತ್ತಬೇಡಿ. ಕೆಳಗಿನ ನೆಲ ಮಟ್ಟ ಇಲ್ಲದಿದ್ದರೆ ಮ್ಯಾಟಿನ ಅಂಚು ಏಳುತ್ತದೆ, ಕಾಲು ಎಡವುತ್ತದೆ. ಆದ್ದರಿಂದ ದಮ್ಮಸ್ ಕೆಲಸಕ್ಕೆ ಒಂದು ದಿನ ಜಾಸ್ತಿ ಹೋದರೂ ಹೋಗಲಿ.

ಕಟ್ಟುವುದಕ್ಕೆ ಇಲ್ಲಿ 'ಕ್ರಾಸ್ ಟೈ' ಬಳಸುತ್ತಾರೆ. ಎರಡೂ ಬದಿಯ ಕಂಬದಿಂದ ಎರಡು ಹಗ್ಗ ಬಂದು ಹಾಲ್ಟರಿನ, ಅಂದರೆ ತಲೆಗೆ ಹಾಕುವ ಪಟ್ಟಿಯ, ಎರಡು ಕಡೆ ಸಿಕ್ಕಿಸುವುದು. ಬಳೆ ಕುದುರೆಯ ಬೆನ್ನಿನ ಮಟ್ಟಕ್ಕಿಂತ ಮೇಲಿರಲಿ. ತಲೆ ಆರಾಮಾಗಿ ಇಟ್ಟುಕೊಂಡಾಗ ಹಗ್ಗ ಸ್ವಲ್ಪ ಸಡಿಲ ಇರಬೇಕು, ಕಾಲು ದಾಟುವಷ್ಟು ಉದ್ದ ಇರಬಾರದು. ಹಾಲ್ಟರಿನ ಕಡೆ ಪ್ಯಾನಿಕ್ ಸ್ನ್ಯಾಪ್ ಅನ್ನುವ ಕೊಕ್ಕೆ ಹಾಕಿ. ಹಗ್ಗ ಬಿಗಿದಿದ್ದರೂ ನಾವು ಅದರ ಹಿಡಿಯನ್ನು ಕೈಯಿಂದ ಎಳೆದರೆ ಬಿಚ್ಚಿಕೊಳ್ಳುತ್ತದೆ. ಗೋಡೆಯ ಕಡೆ, ಬಳೆಗೂ ಹಗ್ಗಕ್ಕೂ ನಡುವೆ ಒಂದು ಸುತ್ತು ಕತ್ತಾಳೆ ನಾರಿನ ದಾರ ಕಟ್ಟಿ. ಜೀವಕ್ಕೆ ಬಂದಾಗ ಹರಿಯಬೇಕಾದದ್ದು ಅದು. ಹುಲ್ಲಿನ ಪೆಂಡಿಗೆ ಕಟ್ಟಿ ಬರುವ ಪ್ಲಾಸ್ಟಿಕ್ ದಾರ ಬಳಸಬೇಡಿ, ಅದು ಹರಿಯುವುದಿಲ್ಲ. ನಿಮಗೆ ಬರುವ ಕುದುರೆಗಳಿಗೆ ಕ್ರಾಸ್ ಟೈ ರೂಢಿ ಇದೆಯಾ ಅಂತ ಹಳೆಯ ಮಾಲೀಕರನ್ನು ಕೇಳಿ. ಇಲ್ಲದಿದ್ದರೆ ಮೊದಲ ವಾರ ಕಟ್ಟಲೇ ಬೇಡಿ. ನೀವು ಹಗ್ಗ ಹಿಡಿದು ನಿಲ್ಲಿ, ಮಗಳು ಉಜ್ಜಲಿ.

ಬೆಳಕಿನ ವಿಷಯ ಬೇಸಿಗೆಯಲ್ಲಿ ತಲೆಗೆ ಹೋಗುವುದಿಲ್ಲ. ಡಿಸೆಂಬರ್ ಬಂದರೆ ಸಂಜೆ ಐದೂವರೆಗೆಲ್ಲಾ ಕತ್ತಲೆ. ಮಗಳು ಶಾಲೆಯಿಂದ ಬಂದು ಕುದುರೆ ಮುಟ್ಟುವ ಹೊತ್ತು ಅದೇ. ನಡುವೆ ಒಂದೇ ಬಲ್ಬ್ ಹಾಕಿದರೆ ಬೆನ್ನು ಮಾತ್ರ ಬೆಳಗುತ್ತದೆ, ಹೊಟ್ಟೆ ಕಾಲು ಎಲ್ಲಾ ನೆರಳು. ಎರಡೂ ಪಕ್ಕದ ಗೋಡೆಯ ಮೇಲ್ಭಾಗದಲ್ಲಿ ಒಂದೊಂದು ಉದ್ದನೆಯ ಎಲ್ಇಡಿ ದೀಪ ಹಾಕಿಸಿ. ದೀಪಕ್ಕೆ ಧೂಳು, ತೇವ ಹೋಗದ ಮುಚ್ಚಳ ಇರಲಿ. ವೈರೆಲ್ಲಾ ಪೈಪಿನೊಳಗೆ ಹೋಗಲಿ, ಇಲಿ ಕಡಿಯುತ್ತವೆ. ಪ್ಲಗ್ ಪಾಯಿಂಟ್ ಜಿಎಫ್‌ಸಿಐ ಆಗಿರಲೇಬೇಕು, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವಂಥದ್ದು. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಎಕ್ಸ್‌ಟೆನ್ಷನ್ ಕಾರ್ಡ್ ಎಳೆದು ಹೀಟರ್ ಇಡುವವರನ್ನು ನೋಡಿದ್ದೇನೆ, ಕೈಮುಗಿದು ಕೇಳುತ್ತೇನೆ, ಅದು ಬೇಡ. ಒಣಹುಲ್ಲು ಇರುವ ಮರದ ಕಟ್ಟಡ ಅದು. ಇನ್ನೊಂದು ಮಾತು, ಇದನ್ನು ಇಲ್ಲಿನವರು ನಿಮಗೆ ಹೇಳುವುದಿಲ್ಲ: ಆಯುಧಪೂಜೆ ದಿನ ಕುದುರೆಗೆ ಕುಂಕುಮ ಇಟ್ಟು ಆರತಿ ಮಾಡುವ ಆಸೆ ನಿಮಗೂ ಆಗುತ್ತದೆ. ನಾವೂ ಮಾಡುತ್ತೇವೆ. ಆದರೆ ಬಾರ್ನಿನಿಂದ ದೂರ, ಅಂಗಳದಲ್ಲಿ. ಒಳಗೆ ಒಂದು ಊದುಬತ್ತಿಯೂ ಬೇಡ.

ನೀರಿಗೆ ಬರೋಣ. ಇಲ್ಲಿ ಹೊಲದಲ್ಲೆಲ್ಲಾ ಕಾಣುವ ಕೈಹಿಡಿಯ ಕಬ್ಬಿಣದ ಕೊಳಾಯಿ ನೋಡಿದ್ದೀರಲ್ಲ, ಅದು ಫ್ರಾಸ್ಟ್ ಫ್ರೀ ಹೈಡ್ರೆಂಟ್. ಅದರ ವಾಲ್ವ್ ಇರುವುದು ನೆಲದಡಿ, ಚಳಿಗೆ ಮಣ್ಣು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ. ಹಿಡಿ ಇಳಿಸಿದಾಗ ಪೈಪಿನಲ್ಲಿ ಉಳಿದ ನೀರು ಕೆಳಗಿನ ಜಲ್ಲಿಗೆ ಇಳಿದುಹೋಗುತ್ತದೆ. ಆದ್ದರಿಂದ ಹೆಪ್ಪುಗಟ್ಟುವುದಿಲ್ಲ. ಆದರೆ ಹೋಸ್ ಪೈಪ್ ಸಿಕ್ಕಿಸಿಯೇ ಬಿಟ್ಟರೆ ನೀರು ಇಳಿಯುವುದಿಲ್ಲ. ರಾತ್ರಿ ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಪ್ರತಿಸಲ ಹೋಸ್ ಬಿಚ್ಚಿಡುವುದನ್ನು ಮನೆಮಂದಿಗೆಲ್ಲಾ ರೂಢಿ ಮಾಡಿಸಿ.

ಮುಂದೆ ತೊಳೆಯುವ ಜಾಗವೂ ಬೇಕೆನಿಸಿದರೆ ಅಜ್ಜಿಮನೆ ಕೊಟ್ಟಿಗೆ ನೆನಪಿಸಿಕೊಳ್ಳಿ. ಕಲ್ಲುಚಪ್ಪಡಿ ಹಿಂದಕ್ಕೆ ಇಳಿಜಾರು, ಗಂಜಲ ಹರಿಯಲು ಕೊನೆಯಲ್ಲಿ ಕಾಲುವೆ. ಇಲ್ಲೂ ಅದೇ ಲೆಕ್ಕ. ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಸಾಕು. ನೀರು ಹೋಗುವ ತೂತು ಕುದುರೆಯ ಹೊಟ್ಟೆಯ ಕೆಳಗೆ ಬೇಡ, ಹಿಂದೆ ಗೋಡೆಯ ಅಂಚಿಗೆ ಇರಲಿ. ಕೂದಲು ಹಿಡಿಯುವ ಜಾಲರಿ ಇಡದಿದ್ದರೆ ವಸಂತದಲ್ಲಿ ಚಳಿಗಾಲದ ಕೂದಲು ಉದುರುವಾಗ ಒಂದೇ ವಾರಕ್ಕೆ ಕಟ್ಟಿಕೊಳ್ಳುತ್ತದೆ. ಅಲ್ಲಿಯವರೆಗೆ ಬೇಸಿಗೆಯಲ್ಲಿ ಹೊರಗೆ ಜಲ್ಲಿ ಹಾಕಿದ ಕಡೆ ತೊಳೆಯಿರಿ. ಚಳಿಗಾಲದಲ್ಲಿ ಸ್ನಾನ ಮಾಡಿಸಲೇ ಬೇಡಿ. ಇಲ್ಲಿನ ಚಳಿಗಾಲ ಅಂದರೆ ಹಿಮಕ್ಕಿಂತ ಕೆಸರು ಜಾಸ್ತಿ. ಕೆಸರು ಒಣಗಲು ಬಿಟ್ಟು ಉಜ್ಜಿದರೆ ಪುಡಿಯಾಗಿ ಉದುರುತ್ತದೆ.

ಉಜ್ಜುವ ಸಾಮಾನು ಕಡಿಮೆ ಸಾಕು. ಗೊರಸಿನ ಕೆಸರು, ಕಲ್ಲು ತೆಗೆಯುವ ಕೊಕ್ಕೆ, ರಬ್ಬರಿನ ಕರಿಕೋಂಬ್, ಒಂದು ಗಟ್ಟಿ ಬ್ರಷ್, ಒಂದು ಮೆತ್ತನೆಯದು, ಜೂಲಿಗೆ ಬಾಚಣಿಗೆ. ರಬ್ಬರಿನದರಿಂದ ಸುತ್ತುಸುತ್ತಾಗಿ ಉಜ್ಜಿ ಧೂಳು ಮೇಲೆಬ್ಬಿಸಬೇಕು, ಗಟ್ಟಿ ಬ್ರಷ್ಷಿನಿಂದ ಅದನ್ನು ಹಾರಿಸಬೇಕು, ಮುಖಕ್ಕೆ ಮೆತ್ತನೆಯದು ಮಾತ್ರ. ಎರಡು ಕುದುರೆಗೆ ಎರಡು ಬೇರೆ ಸೆಟ್ ಇಡಿ. ಹುಳುಕಡ್ಡಿ ಬ್ರಷ್ಷಿನಿಂದಲೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ನಮ್ಮ ಕೈಗೂ ಅಂಟುತ್ತದೆ. ಬಕೆಟ್ಟು, ಬ್ರಷ್ಷು ಯಾವುದೂ ಕುದುರೆಯ ಕಾಲ ಹತ್ತಿರ ನೆಲದ ಮೇಲೆ ಇರಬಾರದು. ಓಣಿಯ ಆಚೆ ಬದಿ ಒಂದು ಗೂಡು ಮಾಡಿ ಎಲ್ಲವನ್ನೂ ಅಲ್ಲಿಡಿ.

ಮಗಳಿಗೆ ಎರಡು ವಿಷಯ ಮೊದಲ ದಿನವೇ ಹೇಳಿಕೊಡಿ. ಕುದುರೆಗೆ ಮೂತಿಯ ನೇರ ಮುಂದೆ, ಬಾಲದ ನೇರ ಹಿಂದೆ ಕಾಣುವುದಿಲ್ಲ. ಆದ್ದರಿಂದ ಮಾತಾಡುತ್ತಾ ಭುಜದ ಕಡೆಯಿಂದ ಹತ್ತಿರ ಹೋಗಬೇಕು. ಮತ್ತೆ ಗೊರಸು ನೋಡುವಾಗ ಮಂಡಿಯೂರಿ ಕೂರಬಾರದು, ಬಗ್ಗಿಯೇ ನಿಲ್ಲಬೇಕು.

ಈ ಜಾಗ ಬರೀ ಉಜ್ಜುವುದಕ್ಕಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಕಟ್ಟುವವರು ಬರುತ್ತಾರೆ. ಡಾಕ್ಟರ್ ಬರುತ್ತಾರೆ. ಅವರಿಗೂ ಮಟ್ಟವಾದ ನೆಲ, ಬೆಳಕು, ಮಳೆ ಬೀಳದ ಸೂರು ಬೇಕು. ನಿಮ್ಮ ಜಾಗ ಚೆನ್ನಾಗಿದ್ದರೆ ಒಳ್ಳೆಯ ಕೆಲಸಗಾರರು ನಿಮ್ಮಲ್ಲಿಗೆ ಸಂತೋಷದಿಂದ ಬರುತ್ತಾರೆ, ನಾಲ್ಕು ಮಾತು ಹೇಳಿಕೊಟ್ಟು ಹೋಗುತ್ತಾರೆ. ನಾನು ಕಲಿತದ್ದರಲ್ಲಿ ಅರ್ಧ ಹಾಗೇ. ಅಕ್ಕಪಕ್ಕದವರ ಸ್ನೇಹವಾದದ್ದೂ ಅಲ್ಲೇ ನಿಂತು. ಗೋಡೆಗೆ ಒಂದು ಬಿಳಿ ಹಲಗೆ ಹೊಡೆಯಿರಿ. ಡಾಕ್ಟರ ಫೋನ್ ನಂಬರ್, ಯಾವ ಕುದುರೆಗೆ ಎಷ್ಟು ಮೇವು, ಆರೋಗ್ಯವಾಗಿದ್ದಾಗ ಮೈಶಾಖ 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್, ನಾಡಿ ನಿಮಿಷಕ್ಕೆ 28ರಿಂದ 44 ಅಂತ ಬರೆದಿಡಿ. ನೀವು ಊರಿಗೆ ಹೋದಾಗ ನೋಡಿಕೊಳ್ಳುವವರಿಗೆ ಅದೇ ಆಧಾರ. ಕುದುರೆ ಬಂದ ಮೇಲೆ ಯಾರನ್ನಾದರೂ ಗೊತ್ತು ಮಾಡದೆ ಒಂದು ತಿಂಗಳು ಊರಿಗೆ ಹೋಗುವುದು ಇನ್ನು ಆಗುವುದಿಲ್ಲ, ಇದನ್ನು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಮನೆ ವಿಮೆಯವರಿಗೂ ಮೊದಲೇ ತಿಳಿಸಿ. ಪ್ರತಿ ಕೌಂಟಿಯಲ್ಲೂ ಕೆಂಟಕಿ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಷನ್ ಕಚೇರಿ, ಅಂದರೆ ರೈತರಿಗೆ ಸಲಹೆ ಕೊಡುವ ಕಚೇರಿ ಇದೆ, ಅಲ್ಲಿ ಕೇಳಲು ಸಂಕೋಚ ಬೇಡ. ಮಗಳನ್ನು 4-ಎಚ್ ಅನ್ನುವ ಮಕ್ಕಳ ಸಂಘದ ಕುದುರೆ ಕ್ಲಬ್ಬಿಗೆ ಸೇರಿಸುವುದನ್ನೂ ಅವರೇ ಹೇಳುತ್ತಾರೆ.

"ನಮ್ಮಿಂದ ಆಗುತ್ತಾ" ಅಂತ ಕೊನೆಯಲ್ಲಿ ಕೇಳಿದ್ದೀರಿ. ಒಂದು ಬೇಸಿಗೆ ನಮ್ಮ ಅಪ್ಪ ಇಲ್ಲಿಗೆ ಬಂದಿದ್ದರು. ಜೀವಮಾನವಿಡೀ ಎತ್ತು ಕಟ್ಟಿದವರು, ಕೆರೆಯಲ್ಲಿ ಎತ್ತಿನ ಮೈ ತೊಳೆದವರು. ಕುದುರೆ ಮುಟ್ಟಿರಲಿಲ್ಲ. ನಾನು ಕೊಟ್ಟ ಬ್ರಷ್ಷನ್ನು ಪಕ್ಕಕ್ಕಿಟ್ಟರು. ಒಂದು ಹಿಡಿ ಒಣಹುಲ್ಲು ತೆಗೆದು ಹುರಿ ಮಾಡಿ ಗಂಟು ಹಾಕಿದರು. ಅದರಿಂದಲೇ ಕುತ್ತಿಗೆಯಿಂದ ಬೆನ್ನಿನವರೆಗೆ ಮೆಲ್ಲಗೆ ಒತ್ತಿ ಉಜ್ಜಿದರು. ಒಳಗೆ ಬರಲು ನಡುಗುತ್ತಿದ್ದಳಲ್ಲ, ಅದೇ ಕಂದು ಕುದುರೆ ತಲೆ ಇಳಿಬಿಟ್ಟು, ಕೆಳದುಟಿ ಜೋಲಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ನಿಂತಿದ್ದಳು. ಹಗ್ಗ ಕೂಡ ಕಟ್ಟಿರಲಿಲ್ಲ. ಆಮೇಲೆ ನಮ್ಮ ಪಕ್ಕದ ಫಾರಂನ ಹಿರಿಯರು ಬಂದು ನೋಡಿ, ಹಿಂದೆ ಇಲ್ಲೂ ಹುಲ್ಲಿನ ಹುರಿಯಿಂದಲೇ ಉಜ್ಜುತ್ತಿದ್ದರು ಅಂದರು. ದನದ ಜೊತೆ ಬೆಳೆದ ಕೈ ನಿಮ್ಮದು. ಆಗುತ್ತದೆ.

ಕೆಲಸ ಶುರುಮಾಡುವ ಮುಂಚೆ ಒಂದು ಶನಿವಾರ ನಮ್ಮಲ್ಲಿಗೆ ಬನ್ನಿ. ಮಗಳೂ ಬರಲಿ, ಕಾಲಿಗೆ ಗಟ್ಟಿ ಬೂಟು ಇರಲಿ. ಮೂರನೇ ಸ್ಟಾಲಿನ ಕಂಬದಿಂದ ಕಂಬಕ್ಕೆ ಎಷ್ಟು ಅಡಿ, ಸೂರು ಎಷ್ಟು ಎತ್ತರ, ಇಷ್ಟನ್ನು ಅಳೆದು ಬರೆದುಕೊಂಡು ಬನ್ನಿ. ಊಟ ನಮ್ಮಲ್ಲೇ.