ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳೋದಾ, ಡೆಸ್ಕ್‌ಟಾಪಾ?

ಎರಡರಲ್ಲೂ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಚಿಪ್ (ಗೇಮ್ ಚಿತ್ರ ಮೂಡಿಸೋ ಭಾಗ) ಇದೆ, ಹಂಗಾದ್ರೆ ಎತ್ಕೊಂಡು ಓಡಾಡೋಕಾಗೋ ಲ್ಯಾಪ್‌ಟಾಪೇ ವಾಸಿ ಅಲ್ವಾ ಅಂತ ಕೇಳಿದೀರ. ಇಲ್ಲೇ ಎಲ್ರೂ ಯಾಮಾರೋದು. ಹೆಸರು ಒಂದೇ, ಒಳಗಿರೋ ಚಿಪ್ಪು ಬೇರೆ. ಡೆಸ್ಕ್‌ಟಾಪ್ 4070ಲ್ಲಿ 12 ಜಿಬಿ ಮೆಮೊರಿ, 200 ವ್ಯಾಟ್ ಪವರ್. ಲ್ಯಾಪ್‌ಟಾಪ್‌ದರಲ್ಲಿ 8 ಜಿಬಿ, ಪವರ್ ಎಷ್ಟು ಕೊಡ್ಬೇಕು ಅನ್ನೋದು 35ರಿಂದ 115 ವ್ಯಾಟ್ ಒಳಗೆ ಲ್ಯಾಪ್‌ಟಾಪ್ ಮಾಡೋ ಕಂಪನಿಗೆ ಬಿಟ್ಟಿದ್ದು. ಅದಕ್ಕೇ ತೆಳ್ಳಗೆ ಚೆಂದ ಕಾಣೋ 4070 ಲ್ಯಾಪ್‌ಟಾಪು, ಫುಲ್ ವ್ಯಾಟ್ ಇರೋ, ಒಂದು ಮೆಟ್ಟಿಲು ಕೆಳಗಿನ 4060 ಚಿಪ್ಪಿನ ದಪ್ಪನೆ ಲ್ಯಾಪ್‌ಟಾಪ್ ಮುಂದೆ ಸೋತ್ರೂ ಆಶ್ಚರ್ಯ ಇಲ್ಲ. ಸ್ಪೆಕ್ ಶೀಟಲ್ಲಿ ಟಿಜಿಪಿ ಅಂತ ಇರುತ್ತೆ, ಗ್ರಾಫಿಕ್ಸ್‌ಗೆ ಎಷ್ಟು ವ್ಯಾಟ್ ಕೊಟ್ಟಿದಾರೆ ಅನ್ನೋ ಲೆಕ್ಕ ಅದು, ಮೊದ್ಲು ಅದನ್ನ ಹುಡುಕಿ, ಬರ್ದೇ ಇಲ್ಲ ಅಂದ್ರೆ ಅನುಮಾನ ಪಡಿ.

ನಾನು ಎರಡೂ ಬಳಸಿದೀನಿ, ಈಗಿರೋದು ಡೆಸ್ಕ್‌ಟಾಪು. ಲ್ಯಾಪ್‌ಟಾಪಲ್ಲಿ ದೊಡ್ಡ ಗೇಮ್ ಹಾಕಿ ಸ್ವಲ್ಪ ಹೊತ್ತಿಗೇ ಡಬ್ಲ್ಯೂ ಕೀ ಸುತ್ತಮುತ್ತ ಬೆರಳಿಗೆ ಚುರುಕ್ ಅನ್ನೋಷ್ಟು ಬಿಸಿ, ಫ್ಯಾನ್ ಸದ್ದಿಗೆ ಹೆಡ್‌ಫೋನ್ ಇಲ್ದೆ ಆಡೋ ಮಾತೇ ಇಲ್ಲ, ಹಿಂದುಗಡೆ ಸ್ವಲ್ಪ ಎತ್ತಿಟ್ಟು ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) 60ಕ್ಕೆ ಲಾಕ್ ಮಾಡಿದ್ರೆ ಎಷ್ಟೋ ತಣ್ಣಗಾಗುತ್ತೆ ಅನ್ನೋದೂ ನಿಜ. ಇನ್ನು ಬ್ಯಾಟರಿ ಮೇಲೆ ಗೇಮ್ ಆಡ್ತೀನಿ ಅನ್ನೋ ಆಸೆ ಬಿಡಿ. ವಿಮಾನದಲ್ಲಿ ಸಲೀಸಾಗಿ ತಗೊಂಡ್ ಹೋಗೋಕೆ ಮಿತಿ 100 ವ್ಯಾಟ್‌ಅವರ್, ಹಂಗಾಗಿ ಬ್ಯಾಟರಿನ ಅದಕ್ಕಿಂತ ದೊಡ್ಡದು ಮಾಡಲ್ಲ, ಗೇಮ್ ಓಡುವಾಗ ಲ್ಯಾಪ್‌ಟಾಪ್ ಒಟ್ಟು 150 ವ್ಯಾಟ್ ಎಳೀತು ಅಂದ್ರೆ ನೀವೇ ಲೆಕ್ಕ ಹಾಕಿ, ಒಂದು ಗಂಟೇನೂ ಬರಲ್ಲ. ಅದಕ್ಕೇ ಚಾರ್ಜರ್ ಕಿತ್ತ ತಕ್ಷಣ ಅದೇ ಸ್ಪೀಡ್ ಇಳಿಸ್ಕೊಳುತ್ತೆ. ಇಟ್ಟಿಗೆ ಥರದ ಚಾರ್ಜರೂ ಬ್ಯಾಗಲ್ಲಿ ಹೊರ್ಬೇಕು.

ಡೆಸ್ಕ್‌ಟಾಪಲ್ಲಿ ನಂಗೆ ಇಷ್ಟ ಆಗೋದು ರಿಪೇರಿ, ಅಪ್‌ಗ್ರೇಡು. 2017ರಲ್ಲಿ ಎಎಂಡಿ ಕಂಪನಿಯ ಮೊದಲನೇ ರೈಜನ್ ಪ್ರೊಸೆಸರ್ ಜೊತೆ ತಗೊಂಡ ಎಎಂ4 (ಪ್ರೊಸೆಸರ್ ಕೂರೋ ಸಾಕೆಟ್ ಹೆಸರು) ಮದರ್‌ಬೋರ್ಡ್‌ಗಳಲ್ಲಿ ಎಷ್ಟೋ, ಬಯೋಸ್ ಅಂದ್ರೆ ಬೋರ್ಡ್ ಒಳಗಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ರೆ 2022ರ 5800ಎಕ್ಸ್3ಡಿ ಪ್ರೊಸೆಸರ್ ತನಕ ಓಡುತ್ತೆ. ಲ್ಯಾಪ್‌ಟಾಪಲ್ಲಿ ಬದಲಾಯ್ಸೋಕಾಗೋದು ಎಸ್‌ಎಸ್‌ಡಿ, ಕೆಲವದ್ರಲ್ಲಿ ರ‍್ಯಾಮ್, ಅಷ್ಟೇ. ಗ್ರಾಫಿಕ್ಸ್ ಚಿಪ್ ಹೆಚ್ಚಿನದ್ರಲ್ಲಿ ಬೋರ್ಡ್‌ಗೇ ಬೆಸುಗೆ ಹಾಕಿರುತ್ತೆ, ಅದು ಹೋಯ್ತು ಅಂದ್ರೆ ಬೋರ್ಡೇ ಹೋದಂಗೆ.

ಹಂಗಂತ ಎಲ್ರಿಗೂ ಡೆಸ್ಕ್‌ಟಾಪೇ ಅಂತಲ್ಲ. ಹಾಸ್ಟೆಲಲ್ಲಿ ಇದ್ದು ರಜಕ್ಕೆಲ್ಲಾ ಊರಿಗೆ ಹೋಗೋರು, ಆರು ತಿಂಗ್ಳಿಗೊಂದು ರೂಮ್ ಬದಲಾಯ್ಸೋರು ಕಣ್ಮುಚ್ಕೊಂಡು ಲ್ಯಾಪ್‌ಟಾಪ್ ತಗೊಳ್ಳಿ. ಬಜೆಟ್ ಹೋಲಿಸುವಾಗ ಡೆಸ್ಕ್‌ಟಾಪಿಗೆ ಮಾನಿಟರ್, ಕೀಬೋರ್ಡ್, ಮೌಸ್, ವಿಂಡೋಸ್ ಎಲ್ಲಾ ಸೇರಿಸಿ ನೋಡಿ, ಬರೀ ಕ್ಯಾಬಿನೆಟ್ ರೇಟ್ ನೋಡ್ಬೇಡಿ. ಆದ್ರೆ ನೀವು ಹೊರಗಡೆ ಒಯ್ಯೋದು ನೋಟ್ಸು ಬ್ರೌಸಿಂಗಿಗೆ ಮಾತ್ರ, ಗೇಮ್ ಆಡೋದು ಮನೇಲೇ ಅಂದ್ರೆ, ಡೆಸ್ಕ್‌ಟಾಪ್ ಹಾಕ್ಸಿ ಜೊತೆಗೊಂದು ಹಳೇ ಸಾದಾ ಲ್ಯಾಪ್‌ಟಾಪ್ ಇಟ್ಕೊಳ್ಳಿ, ಡೆಸ್ಕ್‌ಟಾಪಲ್ಲಿ ಓಡೋ ಗೇಮ್‌ನ ಬೇರೆ ಸ್ಕ್ರೀನಲ್ಲಿ ಆಡೋಕೆ ಸ್ಟೀಮ್ ಆ್ಯಪಿನ ರಿಮೋಟ್ ಪ್ಲೇ ಇದೆ, ವೈಫೈ ಚೆನ್ನಾಗಿದ್ರೆ ಹಾಸಿಗೇಲಿ ಮಲ್ಕೊಂಡೂ ಆಡ್ಬೋದು.