ಅಜ್ಜನ ಮನೆಗೆ ಸೋಲಾರ್ ಹಾಕಿಸುವ ಮುಂಚೆ ಹಿಂದಿನ ಹಳ್ಳ ನೋಡಿ

ಪ್ರಶ್ನೆ: ಕೊಪ್ಪ ತಾಲ್ಲೂಕಿನಲ್ಲಿ ನಮ್ಮ ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆಯ, ಮಂಗಳೂರು ಹೆಂಚಿನ ಮನೆ ಇದೆ. ನಾವಿರುವುದು ಬೆಂಗಳೂರಿನಲ್ಲಿ. ಹಬ್ಬಕ್ಕೆ, ಮಕ್ಕಳ ರಜೆಗೆ ಹೋಗಿಬರುತ್ತೇವೆ. ತೋಟ ನೋಡಿಕೊಳ್ಳುವವರು ಪಕ್ಕದಲ್ಲೇ ಇದ್ದಾರೆ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಸಬ್ಸಿಡಿ ಸಿಗುತ್ತದೆ, ಹೆಂಚಿನ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸೋಣವೇ? ಸ್ನಾನಕ್ಕೆ ಗೀಸರ್ ಇದೆ. ಹಿಂದಿನ ಗುಡ್ಡದಲ್ಲಿ ಸಣ್ಣ ಹಳ್ಳವೂ ಹರಿಯುತ್ತದೆ.

ಉತ್ತರ: ಸ್ವಲ್ಪ ತಡೆಯಿರಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇರುವುದು ನಿಜ. ಆದರೆ ಅದು ಗ್ರಿಡ್‌ಗೆ, ಅಂದರೆ ಊರಿನ ಕರೆಂಟ್ ಲೈನಿಗೆ, ಜೋಡಿಸುವ ಸೋಲಾರ್‌ಗೆ. ಬ್ಯಾಟರಿ ಇಲ್ಲದ ಗ್ರಿಡ್ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ನಿಮ್ಮ ತೊಂದರೆ ಇರುವುದೇ ಕರೆಂಟ್ ಹೋದಾಗ ಅಲ್ವಾ? ಅದೂ ಆಷಾಢದಲ್ಲಿ, ಬಿಸಿಲೇ ಕಾಣದ ದಿನಗಳಲ್ಲಿ.

ಮೊದಲು ಲೆಕ್ಕ ಹಾಕಿ. 9 ವ್ಯಾಟ್‌ನ ಆರು ಎಲ್‌ಇಡಿ ಬಲ್ಬು ಐದು ಗಂಟೆ, ಕಡಿಮೆ ಕರೆಂಟ್ ತಿನ್ನುವ 30 ವ್ಯಾಟ್‌ನ ಎರಡು ಬಿಎಲ್‌ಡಿಸಿ ಫ್ಯಾನು ಎಂಟು ಗಂಟೆ, ಜೊತೆಗೆ ಮೊಬೈಲ್ ಚಾರ್ಜಿಂಗ್. ಎಲ್ಲ ಸೇರಿದರೂ ದಿನಕ್ಕೆ ಒಂದು ಯೂನಿಟ್ ದಾಟುವುದಿಲ್ಲ. ಹಳೇ ಫ್ಯಾನು ಒಂದೊಂದೂ 75 ವ್ಯಾಟ್ ತಿನ್ನುತ್ತದೆ, ಮೊದಲು ಅವನ್ನು ಬದಲಿಸಿ. ಗೀಸರನ್ನು ಈ ಲೆಕ್ಕಕ್ಕೆ ತರಲೇಬೇಡಿ. ಬಚ್ಚಲ ಒಲೆ, ಹಂಡೆ ಇನ್ನೂ ಇದ್ದರೆ ಒಡೆಸಬೇಡಿ. ತೋಟದಲ್ಲಿ ಸೋಗೆ, ಕಾಯಿಸಿಪ್ಪೆ ಸುಮ್ನೆ ಬಿದ್ದಿರುತ್ತದೆ.

ಇನ್ನು ಹಳ್ಳ. ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಮಳೆ ಜಾಸ್ತಿಯಾದಷ್ಟೂ ಸೋಲಾರ್ ಸೋಲುತ್ತದೆ, ಹಳ್ಳ ತುಂಬುತ್ತದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಪಿಕೊ ಹೈಡ್ರೋ ಎಂಬ, ಹರಿಯುವ ನೀರಿಗೆ ತಿರುಗಿ ಕರೆಂಟ್ ಮಾಡುವ ಪುಟ್ಟ ಟರ್ಬೈನು ಮಳೆಗಾಲವಿಡೀ ಬೆಳಕು ಕೊಡುತ್ತಿದೆ. ಅಳತೆ ನೀವೇ ಮಾಡಬಹುದು. ಹಳ್ಳಕ್ಕೆ ಸಣ್ಣ ಕಟ್ಟ ಹಾಕಿ, ನೀರೆಲ್ಲ ಒಂದು ಪೈಪಿನಲ್ಲಿ ಬರುವಂತೆ ಮಾಡಿ, 20 ಲೀಟರಿನ ಬಕೆಟ್ ಹಿಡಿಯಿರಿ. ನಾಲ್ಕು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಅದು 20 ಮೀಟರ್ ಎತ್ತರದಿಂದ ಇಳಿದರೆ, ಅರ್ಧ ನಷ್ಟವಾಯಿತೆಂದುಕೊಂಡರೂ ಸುಮಾರು 500 ವ್ಯಾಟ್. ಹಗಲು ರಾತ್ರಿ ತಿರುಗುವುದರಿಂದ ದಿನಕ್ಕೆ 12 ಯೂನಿಟ್! ನೀವು ಬಳಸದ ಕರೆಂಟ್ ಎಲ್ಲಾದರೂ ಹೋಗಲೇಬೇಕು, ಇಲ್ಲದಿದ್ದರೆ ಟರ್ಬೈನು ಮಿತಿಮೀರಿ ತಿರುಗುತ್ತದೆ. ಹಾಗಾಗಿ ಕಂಟ್ರೋಲರ್ ಅದನ್ನು ಒಂದು ಹೀಟರ್ ಕಾಯಿಲ್‌ಗೆ ಬಿಡುತ್ತದೆ. ಆ ಕಾಯಿಲನ್ನು ನೀರಿನ ತೊಟ್ಟಿಯಲ್ಲಿ ಕೂರಿಸಿದರೆ ಸ್ನಾನಕ್ಕೂ ಆಯಿತು.

ಪೈಪಿನಲ್ಲಿ ಜಿಪುಣತನ ಬೇಡ. 4 ಇಂಚಿನದೇ ಇರಲಿ. ಸಣ್ಣದಾದರೆ ನೀರಿನ ಒತ್ತಡ ಪೈಪಿನೊಳಗೇ ಕಳೆದುಹೋಗುತ್ತದೆ. ಪೈಪಿನ ಬಾಯಿಗೆ ಜಾಲರಿ ಬೇಕು. ಮಳೆಗಾಲದಲ್ಲಿ ಅದಕ್ಕೆ ದಿನಾ ತರಗೆಲೆ ಕಟ್ಟಿಕೊಳ್ಳುತ್ತದೆ. ತೋಟ ನೋಡಿಕೊಳ್ಳುವವರು ಬೆಳಿಗ್ಗೆ ಒಂದು ಸಲ ಕೈ ಹಾಕಿ ತೆಗೆಯಲು ಒಪ್ಪಿದರೆ ಮಾತ್ರ ಟರ್ಬೈನಿನ ಯೋಚನೆ ಮಾಡಿ. ಅವರ ಮನೆಗೂ ಒಂದು ಲೈನ್ ಎಳೆದುಕೊಡಿ, ಅದು ನ್ಯಾಯ. ಕೆಳಗಿನ ತೋಟದವರಿಗೂ ಮೊದಲೇ ಹೇಳಿ, ಟರ್ಬೈನು ತಿರುಗಿಸಿ ಬಂದ ನೀರನ್ನು ಮತ್ತೆ ಹಳ್ಳಕ್ಕೇ ಬಿಡಿ. ಹಳ್ಳದ ಮೇಲ್ಭಾಗ ಅರಣ್ಯದಲ್ಲಿದ್ದರೆ ಇಲಾಖೆಯ ಅನುಮತಿ ಇಲ್ಲದೆ ಪೈಪ್ ಹಾಕಬೇಡಿ.

ಬೇಸಿಗೆಗೆ 500 ವ್ಯಾಟ್ ಸೋಲಾರ್, 100 ಆಂಪಿಯರ್ ಅವರ್‌ನ 12 ವೋಲ್ಟ್ ಲಿಥಿಯಂ ಬ್ಯಾಟರಿ ಸಾಕು. ಬೀಗ ಹಾಕಿದ ಮನೆಯಲ್ಲಿ ಲೆಡ್ ಆ್ಯಸಿಡ್ ಬ್ಯಾಟರಿ ಬೇಡ. ಚಾರ್ಜ್ ಇಳಿದು ತಿಂಗಳುಗಟ್ಟಲೆ ನಿಂತರೆ ಹಾಳಾಗುತ್ತದೆ. ಪ್ಯಾನೆಲ್ಲನ್ನು ಹೆಂಚಿನ ಮೇಲೆ ಹಾಕಿಸಬೇಡಿ. ಒರೆಸಲು ಹತ್ತಿದವರ ಕಾಲಡಿ ಹೆಂಚು ಒಡೆದರೆ, ಸೋರಿದ ನೀರು ಮಣ್ಣಿನ ಗೋಡೆಗೆ ಇಳಿಯುವುದು ನಿಮಗೆ ಮುಂದಿನ ರಜೆಯವರೆಗೂ ಗೊತ್ತಾಗುವುದಿಲ್ಲ. ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ, ಮರದ ನೆರಳು ಬೀಳದ ಕಡೆ ಕಂಬ ನೆಟ್ಟು ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿ.

ಹಳ್ಳದ ಅಳತೆಯನ್ನು ಎರಡು ಸಲ ಮಾಡಿ. ಒಂದು ಗಣೇಶನ ಹಬ್ಬಕ್ಕೆ ಹೋದಾಗ, ಇನ್ನೊಂದು ಸಂಕ್ರಾಂತಿಗೆ. ಎರಡೂ ಲೆಕ್ಕ, ಇಳಿಜಾರಿನ ಎತ್ತರ ಬರೆದು ಕಳಿಸಿದರೆ ಎಷ್ಟು ದೊಡ್ಡ ಟರ್ಬೈನು ಬೇಕೆಂದು ಹೇಳುತ್ತೇನೆ.